ಗ್ರೇನ್ ಉಳಿಸಿಕೊಂಡ ಡಿಸ್ಕ್: ‘ಬ್ಲೇಡ್ ರನ್ನರ್’ ಮತ್ತೊಮ್ಮೆ

‘ಬ್ಲೇಡ್ ರನ್ನರ್’ ಸಿನಿಮಾದಲ್ಲಿ, ತಾನು ಮನುಷ್ಯಳೇ ಎಂದು ರುಜುವಾತು ಮಾಡಲು ರೇಚಲ್ ಒಂದು ಫೋಟೋ ತರುತ್ತಾಳೆ. ಮನೆಯ ಜಗಲಿಯಲ್ಲಿ ತಾಯಿಯ ಪಕ್ಕದಲ್ಲಿರುವ ಪುಟ್ಟ ಹುಡುಗಿ. ಆ ನೆನಪು ಅವಳದ್ದಲ್ಲ, ಬೇರೊಬ್ಬಳದ್ದನ್ನು ತಂದು ಅವಳ ತಲೆಯೊಳಗೆ ಇಟ್ಟಿದ್ದಾರೆ ಎಂದು ಡೆಕರ್ಡ್ ಹೇಳಿಬಿಡುತ್ತಾನೆ. ಅವಳು ಹೊರಟುಹೋದ ಮೇಲೆ ಅವನು ಆ ಫೋಟೋವನ್ನು ಕೈಯಲ್ಲಿ ಹಿಡಿಯುತ್ತಾನೆ. ಆಗ ಕಣ್ಣು ಮಿಟುಕಿಸುವಷ್ಟು ಹೊತ್ತು ಚಿತ್ರದೊಳಗಿನ ನೆರಳು ಅಲುಗುತ್ತದೆ, ದೂರದಲ್ಲಿ ಮಕ್ಕಳ ಸದ್ದು ಕೇಳುತ್ತದೆ. ಬಾಡಿಗೆಗೆ ತಂದ ವಿಡಿಯೊ ಕ್ಯಾಸೆಟ್‌ನಲ್ಲಿ ಈ ಚಿತ್ರ ನೋಡಿದ್ದಾಗ ಇದು ನನಗೆ ಕಂಡಿರಲೇ ಇಲ್ಲ. ಹೆಚ್ಚು ಸ್ಪಷ್ಟತೆಯ 4ಕೆ ಡಿಸ್ಕ್‌ನಲ್ಲಿ ಕಂಡಿತು. ಹಿಂದಕ್ಕೆ ಓಡಿಸಿ ಮತ್ತೆ ನೋಡಿದೆ.

ನಾನು ಶಿರಸಿಯಲ್ಲಿ ಫೋಟೋ ಸ್ಟುಡಿಯೊ ನಡೆಸುವವನು. ಮದುವೆ, ಉಪನಯನದ ಕೆಲಸ ಇದ್ದೇ ಇದೆ. ಆದರೆ ಮನಸ್ಸಿಟ್ಟು ಮಾಡುವ ಕೆಲಸವೆಂದರೆ ಹಳೆಯ ಫೋಟೋಗಳ ರಿಪೇರಿ. ಗೆದ್ದಲು ತಿಂದದ್ದು, ಗಾಜಿಗೆ ಅಂಟಿಕೊಂಡದ್ದು, ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದದ್ದು. ಹಾಗಾಗಿ ಈ ಡಿಸ್ಕನ್ನು ನಾನು ನೋಡಿದ್ದು ಸಿನಿಮಾ ವಿಮರ್ಶಕನ ಕಣ್ಣಿನಿಂದಲ್ಲ. ಒಂದು ಹಳೆಯ ನೆಗೆಟಿವ್ ಅನ್ನು ಯಾರೋ ರಿಪೇರಿ ಮಾಡಿದ್ದಾರೆ, ಎಲ್ಲಿ ಕೈ ಹಾಕಿದ್ದಾರೆ, ಎಲ್ಲಿ ಕೈ ತಡೆದಿದ್ದಾರೆ ಎಂದು ಹುಡುಕುವ ಕಣ್ಣಿನಿಂದ.

ಚಿತ್ರ ಗೊತ್ತಿಲ್ಲದವರಿಗೆ ಚುಟುಕಾಗಿ: ರಿಡ್ಲಿ ಸ್ಕಾಟ್ ನಿರ್ದೇಶನದ, 1982ರ ಜೂನ್‌ನಲ್ಲಿ ತೆರೆಕಂಡ ಚಿತ್ರ. ಕಥೆ ನಡೆಯುವುದು 2019ರ ನವೆಂಬರ್‌ನ ಲಾಸ್ ಏಂಜಲೀಸ್‌ನಲ್ಲಿ. ಮನುಷ್ಯರಂತೆಯೇ ಇರುವ, ಆದರೆ ನಾಲ್ಕೇ ವರ್ಷ ಆಯುಷ್ಯವಿರುವ ಕೃತಕ ಜೀವಿಗಳು ಭೂಮಿಗೆ ತಪ್ಪಿಸಿಕೊಂಡು ಬಂದಿವೆ. ಅವುಗಳನ್ನು ಪತ್ತೆಹಚ್ಚಿ ಕೊಲ್ಲುವುದು ಡೆಕರ್ಡ್‌ನ ಕೆಲಸ. ಆ ಪಾತ್ರ ಹ್ಯಾರಿಸನ್ ಫೋರ್ಡ್‌ನದು. ಮೂಲ ಫಿಲಿಪ್ ಕೆ. ಡಿಕ್‌ನ 1968ರ ಕಾದಂಬರಿ. ಚಿತ್ರ ಬಿಡುಗಡೆಯಾಗುವ ಕೆಲವೇ ತಿಂಗಳ ಮೊದಲು ಆತ ತೀರಿಕೊಂಡ.

ಈ ಚಿತ್ರಕ್ಕೆ ಹಲವು ರೂಪಗಳಿವೆ. 1982ರಲ್ಲಿ ಪ್ರೇಕ್ಷಕರಿಗೆ ಅರ್ಥವಾಗಲಿಕ್ಕಿಲ್ಲ ಎಂಬ ಭಯದಿಂದ ಡೆಕರ್ಡ್‌ನ ಧ್ವನಿಯಲ್ಲಿ ನಿರೂಪಣೆ ಸೇರಿಸಿದರು, ಕೊನೆಗೆ ಒಂದು ಸುಖಾಂತ್ಯವನ್ನು ಅಂಟಿಸಿದರು. ಆ ಸುಖಾಂತ್ಯದ ಬೆಟ್ಟ ಕಾಡುಗಳ ವೈಮಾನಿಕ ದೃಶ್ಯಗಳು ಸ್ಟ್ಯಾನ್ಲಿ ಕುಬ್ರಿಕ್ ‘ದಿ ಶೈನಿಂಗ್’ಗಾಗಿ ತೆಗೆಸಿ ಬಳಸದೆ ಬಿಟ್ಟಿದ್ದ ಫಿಲ್ಮ್. 1992ರ ರೂಪದಲ್ಲಿ ನಿರೂಪಣೆಯೂ ಸುಖಾಂತ್ಯವೂ ಹೋದವು, ಒಂದು ಕೊಂಬಿನ ಕುದುರೆಯ ಕನಸು ಬಂತು. 2007ರ ‘ಫೈನಲ್ ಕಟ್’ ಮಾತ್ರ ಪೂರ್ತಿಯಾಗಿ ಸ್ಕಾಟ್‌ನ ಹಿಡಿತದಲ್ಲಿ ಆದದ್ದು. 2017ರಲ್ಲಿ ಬಂದ 4ಕೆ ಡಿಸ್ಕ್‌ನಲ್ಲಿರುವುದು ಇದೇ.

ಇನ್ನು ರಿಪೇರಿಯ ವಿಷಯ. ಇದನ್ನು ಎಷ್ಟು ಹೊಗಳಿದರೂ ನನಗೆ ಸಾಲದು. ಹಾರುವ ಕಾರನ್ನು ಎತ್ತಿ ಹಿಡಿದಿದ್ದ ತಂತಿಗಳು ಹಳೆಯ ಪ್ರತಿಗಳಲ್ಲಿ ಕಾಣುತ್ತಿದ್ದವು, ಅವನ್ನು ಅಳಿಸಿದ್ದಾರೆ. ಕೃತಕ ಜೀವಿಗಳಲ್ಲಿ ಒಬ್ಬಳಾದ ಝೋರಾ ಗಾಜಿನ ಕಪಾಟುಗಳನ್ನು ಒಡೆದುಕೊಂಡು ಓಡುವ ದೃಶ್ಯದಲ್ಲಿ ಇದ್ದದ್ದು ಸಾಹಸ ಕಲಾವಿದೆ, ಅದೂ ಹೊಂದದ ವಿಗ್‌ನಲ್ಲಿ. ಕಾಲು ಶತಮಾನದ ನಂತರ ನಟಿ ಜೊವಾನಾ ಕ್ಯಾಸಿಡಿಯನ್ನೇ ಮತ್ತೆ ಕರೆಸಿ, ಅವಳ ಮುಖವನ್ನು ಚಿತ್ರೀಕರಿಸಿ ಆ ದೇಹಕ್ಕೆ ಕೂಡಿಸಿದರು. ಹಾವಿನ ವ್ಯಾಪಾರಿಯೊಡನೆ ಡೆಕರ್ಡ್ ಮಾತಾಡುವಾಗ ತುಟಿಗೂ ಮಾತಿಗೂ ತಾಳ ತಪ್ಪಿತ್ತು. ಅದಕ್ಕೆ ಹ್ಯಾರಿಸನ್ ಫೋರ್ಡ್‌ನ ಮಗ ಬೆನ್ ಫೋರ್ಡ್‌ನ ಬಾಯಿಯನ್ನು ಚಿತ್ರೀಕರಿಸಿ ಜೋಡಿಸಿದರು. ಕೊನೆಯಲ್ಲಿ ಮಳೆಯ ರಾತ್ರಿಯಿಂದ ಪಾರಿವಾಳ ಹಾರಿ ಸೀದಾ ಹಗಲಿನ ನೀಲಿ ಆಕಾಶಕ್ಕೆ ಹೋಗುತ್ತಿತ್ತು. ಈಗ ಕತ್ತಲಿನ ಆಕಾಶಕ್ಕೇ ಹೋಗುತ್ತದೆ. ಬೆಸುಗೆ ಎಲ್ಲಿದೆ ಎಂದು ನನ್ನಂಥವನು ಹುಡುಕಿದರೂ ಸಿಗುವುದಿಲ್ಲ.

ಅದಕ್ಕಿಂತ ದೊಡ್ಡ ಮಾತು ಅವರು ಏನನ್ನು ಮುಟ್ಟಲಿಲ್ಲ ಎಂಬುದು. ವಿಶೇಷ ದೃಶ್ಯಗಳನ್ನು ಡಗ್ಲಾಸ್ ಟ್ರಂಬುಲ್‌ನ ತಂಡ 65 ಮಿಲಿಮೀಟರ್ ಫಿಲ್ಮ್‌ನಲ್ಲಿ ತೆಗೆದಿತ್ತು. ಆ ನೆಗೆಟಿವ್‌ಗಳನ್ನು 8ಕೆಯಲ್ಲಿ, ಉಳಿದ 35 ಮಿಲಿಮೀಟರ್ ಭಾಗವನ್ನು 4ಕೆಯಲ್ಲಿ ಸ್ಕ್ಯಾನ್ ಮಾಡಿದರು. ಆದರೂ ಗ್ರೇನ್, ಅಂದರೆ ಫಿಲ್ಮ್‌ನಲ್ಲಿ ಸಹಜವಾಗಿ ಕಾಣುವ ಸಣ್ಣ ಚುಕ್ಕೆಗಳು, ಹಾಗೆಯೇ ಇದೆ. ಡೆಕರ್ಡ್‌ನ ಮನೆಯ ಕತ್ತಲಲ್ಲಿ, ಹೊಗೆ ತುಂಬಿದ ಕೋಣೆಗಳಲ್ಲಿ ಅದು ಜೀವಂತವಾಗಿ ಮಿಸುಕಾಡುತ್ತದೆ. ಇತ್ತೀಚೆಗೆ ಕೆಲವು ಹಳೆಯ ಚಿತ್ರಗಳ ಡಿಸ್ಕ್‌ಗಳಲ್ಲಿ ಗ್ರೇನ್ ಉಜ್ಜಿ ತೆಗೆದು ನಟರ ಮುಖಗಳನ್ನು ಮೇಣದ ಗೊಂಬೆ ಮಾಡಿಟ್ಟಿದ್ದಾರೆ. ನೋಡಿದರೆ ಸಂಕಟವಾಗುತ್ತದೆ. ಇಲ್ಲಿ ಆ ಅನ್ಯಾಯ ಆಗಿಲ್ಲ.

ಗ್ರೇನ್ ಬಗ್ಗೆ ಇಷ್ಟು ಹಟ ಏಕೆಂದರೆ, ಸಿದ್ದಾಪುರದ ಕಡೆಯ ಒಬ್ಬ ಅಜ್ಜಿ ನನ್ನಲ್ಲಿಗೆ ಒಂದು ಗ್ರೂಪ್ ಫೋಟೋ ತಂದಿದ್ದರು. ಯಾವುದೋ ಸೊಸೈಟಿಯ ವಾರ್ಷಿಕ ಸಭೆಯದು. ಹಿಂದಿನ ಸಾಲಿನಲ್ಲಿ ಅವರ ಗಂಡ. ಮುಖ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಬೇರೆ ಫೋಟೋ ಇಲ್ಲ. ದೊಡ್ಡದು ಮಾಡಿದರೆ ಬರೀ ಚುಕ್ಕೆಗಳು. ಅವರ ಮೊಮ್ಮಗ ಆ ಮುಖವನ್ನು ಮೊಬೈಲ್‌ನ ಯಾವುದೋ ಕೃತಕ ಬುದ್ಧಿಮತ್ತೆಯ ಆ್ಯಪ್‌ಗೆ ಹಾಕಿ ತಂದಿದ್ದ. ರೆಪ್ಪೆಗೂದಲು ಕೂಡ ಎಣಿಸಬಹುದಾದಷ್ಟು ಸ್ಪಷ್ಟ. ಅಜ್ಜಿ ಅದನ್ನು ತುಂಬ ಹೊತ್ತು ನೋಡಿ, “ತಮ್ಮಾ, ಇವರು ನಮ್ಮನೆಯವರಲ್ಲ” ಎಂದರು. ಕೊನೆಗೆ ಒಂದು ಅಂಗೈಯಷ್ಟು ಅಗಲಕ್ಕೆ, ಚುಕ್ಕೆಗಳನ್ನು ಇದ್ದಂತೆಯೇ ಬಿಟ್ಟು ಮಾಡಿಕೊಟ್ಟ ಪ್ರಿಂಟ್ ಅನ್ನು ಅವರು ಒಪ್ಪಿದರು.

ಫೋಟೋಗಳನ್ನು ಹಿಗ್ಗಿಸಿ ಶೋಧಿಸುವ ಎಸ್ಪರ್ ಯಂತ್ರಕ್ಕೆ ಡೆಕರ್ಡ್, ಕೃತಕ ಜೀವಿಗಳಲ್ಲಿ ಒಬ್ಬನಾದ ಲಿಯಾನ್‌ನ ಫೋಟೋ ತೂರಿಸುವ ದೃಶ್ಯವನ್ನು ಈ ಸಲ ನೋಡುವಾಗ ನನಗೆ ಆ ಅಜ್ಜಿಯದ್ದೇ ನೆನಪು. ಅವನು ಆಜ್ಞೆ ಕೊಡುತ್ತಾನೆ, ಯಂತ್ರ ಕಟಕಟ ಎನ್ನುತ್ತ ಫೋಟೋದೊಳಕ್ಕೆ ಹೋಗುತ್ತದೆ, ಕನ್ನಡಿಯೊಂದರ ಮೂಲಕ ಗೋಡೆಯ ಮರೆಯಲ್ಲಿ ಮಲಗಿದ್ದವಳನ್ನು ಹುಡುಕಿ ತೆಗೆಯುತ್ತದೆ. ಕನ್ನಡಿಯಲ್ಲಿ ಬಿದ್ದ ಬಿಂಬವನ್ನು ಹಿಗ್ಗಿಸಬಹುದು, ಸರಿ. ಆದರೆ ಕ್ಯಾಮೆರಾ ನಿಂತ ಜಾಗವನ್ನು ಬಿಟ್ಟು ಮೂಲೆ ತಿರುಗಿ ನೋಡುವುದು ಯಾವ ನೆಗೆಟಿವ್‌ನಿಂದಲೂ ಸಾಧ್ಯವಿಲ್ಲ. ಆದರೂ ಹೋದವರ ಫೋಟೋ ಹಿಡಿದು ನನ್ನ ಕೌಂಟರ್ ಮುಂದೆ ನಿಲ್ಲುವ ಪ್ರತಿಯೊಬ್ಬರೂ ಕೇಳುವುದು ಇದನ್ನೇ. ಸ್ವಲ್ಪ ಆಚೆ ತೋರಿಸಿ, ಅವರ ಕೈ ಯಾರ ಹೆಗಲ ಮೇಲಿದೆ ನೋಡಿ. ಮಗನ ಮದುವೆಯ ಫೋಟೋದಲ್ಲಿ ಮೊದಲೇ ತೀರಿಕೊಂಡ ತಂದೆಯನ್ನು ನಿಲ್ಲಿಸಿಕೊಡಿ ಎಂದು ಕೇಳುವವರಿದ್ದಾರೆ, ನಾನು ನಿಲ್ಲಿಸಿಕೊಟ್ಟಿದ್ದೇನೆ. ಆ ಮನೆಯ ಮಕ್ಕಳಿಗೆ ಅಜ್ಜ ಆ ಮದುವೆಗೆ ಬಂದಿದ್ದು ನಿಜ. ಹಾಗಾಗಿ ರೇಚಲ್‌ಳ ಫೋಟೋ ಸುಳ್ಳು ಎಂದು ಡೆಕರ್ಡ್ ಹೇಳುವಾಗ ನಾನು ಅವನ ಪಕ್ಷದಲ್ಲಿಲ್ಲ.

ಕಣ್ಣುಗಳ ಬಗ್ಗೆಯೂ ಹೇಳಬೇಕು. ಕೃತಕ ಜೀವಿಗಳ ಕಣ್ಣು ಕೆಲವು ದೃಶ್ಯಗಳಲ್ಲಿ ಒಳಗಿನಿಂದ ಹೊಳೆಯುತ್ತದೆ. ಅವುಗಳನ್ನು ತಯಾರಿಸುವ ಕಂಪನಿಯ ಒಡೆಯ ಟೈರೆಲ್‌ನ ಗೂಬೆಯ ಕಣ್ಣು ಕೂಡ. ಛಾಯಾಗ್ರಾಹಕ ಜೋರ್ಡನ್ ಕ್ರೊನೆನ್‌ವೆತ್ ಮಸೂರದ ಮುಂದೆ 45 ಡಿಗ್ರಿ ಓರೆಯಾಗಿ ಅರೆಪಾರದರ್ಶಕ ಗಾಜು ಇಟ್ಟು, ಬೆಳಕು ಕ್ಯಾಮೆರಾದ ನೇರದಲ್ಲೇ ಕಣ್ಣಿಗೆ ಹೋಗಿ ಹಿಂದಿರುಗುವಂತೆ ಮಾಡಿದ. ಫ್ಲಾಶ್ ಮಸೂರಕ್ಕೆ ತೀರ ಹತ್ತಿರವಿದ್ದಾಗ ಫೋಟೋದಲ್ಲಿ ಕಣ್ಣು ಕೆಂಪಾಗುವುದೂ ಇದೇ ಕಾರಣಕ್ಕೆ. ನಾವು ದೋಷವೆಂದು ಅಳಿಸುವುದನ್ನು ಆತ ಅರ್ಥವಾಗಿಸಿದ. ಎಚ್‌ಡಿಆರ್ (ಬೆಳಕು ಕತ್ತಲಿನ ಅಂತರವನ್ನು ಹೆಚ್ಚಾಗಿ ತೋರಿಸುವ ಸೌಲಭ್ಯ) ಇರುವ ಟಿವಿಯಲ್ಲಿ ಈ ಹೊಳಪು ನಿಚ್ಚಳವಾಗಿ ಕಾಣುತ್ತದೆ. ಜನಜಂಗುಳಿಯಲ್ಲಿ ಛತ್ರಿಯ ಕೋಲುಗಳೇ ದೀಪವಾಗಿ ಉರಿಯುವುದೂ ಅಷ್ಟೇ ಚೆನ್ನ.

ವಾಂಗೆಲಿಸ್‌ನ ಸಂಗೀತಕ್ಕೆ ನಮ್ಮೂರಿನ ಮಳೆಗಾಲ ಶತ್ರು. ಯಮಾಹಾ ಸಿಎಸ್-80 ಸಿಂಥಸೈಜರ್‌ನ ತಗ್ಗಿನ ಗುಂಯ್‌ಗುಡುವಿಕೆ ಜುಲೈನಲ್ಲಿ ತಗಡಿನ ಮಾಡಿನ ಮೇಲೆ ಸುರಿಯುವ ಮಳೆಯ ಕೆಳಗೆ ಪೂರ್ತಿ ಮುಚ್ಚಿಹೋಗುತ್ತದೆ. ದೀಪಾವಳಿ ಕಳೆದ ಮೇಲೆ ನೋಡಿ, ಇಲ್ಲವೇ ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ.

ಈ ಚಿತ್ರದಲ್ಲಿ ನನಗೆ ಒಪ್ಪಿಗೆಯಾಗದ ದೃಶ್ಯ ಒಂದಿದೆ. ಹೊರಟು ನಿಂತ ರೇಚಲ್‌ಳನ್ನು ಡೆಕರ್ಡ್ ಬಾಗಿಲಿಗೆ ಅಡ್ಡ ನಿಂತು ತಡೆದು, ತನಗೆ ಬೇಕಾದ ಮಾತನ್ನು ಅವಳ ಬಾಯಿಂದ ಹೇಳಿಸುತ್ತಾನೆ. ಸಂಗೀತ ಅದನ್ನು ಪ್ರೇಮ ಎನ್ನುತ್ತದೆ. ಅದು ಬಲಾತ್ಕಾರ, ಯಾವ ರಿಪೇರಿಯೂ ಅದನ್ನು ಸರಿಮಾಡಲಾರದು. ಟೈರೆಲ್‌ನ ಸಾವು ಕೂಡ ಈ ರೂಪದಲ್ಲಿ ಹೆಚ್ಚು ಕ್ರೂರವಾಗಿದೆ, ಮಕ್ಕಳನ್ನು ಕೂರಿಸಿಕೊಳ್ಳಬೇಡಿ. ಆದರೆ ರುಟ್ಗರ್ ಹೌರ್ ನಟಿಸಿದ ರಾಯ್, ಆ ಕೃತಕ ಜೀವಿಗಳ ನಾಯಕ, ಅಲ್ಲಿಯವರೆಗೆ ಡೆಕರ್ಡ್‌ನನ್ನು ಬೆನ್ನಟ್ಟುತ್ತಿದ್ದವನು, ತನ್ನನ್ನು ಕೊಲ್ಲಲು ಬಂದವನನ್ನೇ ಕೈಹಿಡಿದು ಮೇಲೆತ್ತುವ ಆ ಮಾಳಿಗೆಯ ದೃಶ್ಯಕ್ಕೆ ಸಮನಾದದ್ದು ನಾನು ಕಂಡಿಲ್ಲ. ಕೊನೆಯ ಮಾತನ್ನು ಹೌರ್ ತಾನೇ ಕತ್ತರಿಸಿ ಚಿಕ್ಕದು ಮಾಡಿ, ಮಳೆಯಲ್ಲಿ ಕಣ್ಣೀರಿನ ಸಾಲನ್ನು ತಾನೇ ಸೇರಿಸಿದ್ದ.

ಕೊಳ್ಳುವವರಿಗೆ: ನನ್ನ ಡಿಸ್ಕ್ ವಿದೇಶದಿಂದ ಬಂದ ನೆಂಟರೊಬ್ಬರು ತಂದದ್ದು. 4ಕೆ ಡಿಸ್ಕ್‌ಗಳಿಗೆ ಪ್ರಾಂತ್ಯದ ಬೀಗವಿಲ್ಲ, ಎಲ್ಲಿಯದಾದರೂ ಓಡುತ್ತದೆ. ಆದರೆ 4ಕೆ ಪ್ಲೇಯರ್ ಬೇಕೇಬೇಕು, ಮಾಮೂಲಿ ಬ್ಲೂ-ರೇ ಪ್ಲೇಯರ್ ಇದನ್ನು ಓದುವುದಿಲ್ಲ. ಕನ್ನಡ ಉಪಶೀರ್ಷಿಕೆ ಇಲ್ಲ. ಟಿವಿಯಲ್ಲಿ ಚಲನೆಯನ್ನು ನುಣುಪಾಗಿಸುವ ಆಯ್ಕೆಯನ್ನು ಮೊದಲು ಬಂದ್ ಮಾಡಿ, ಬಣ್ಣವನ್ನು ಸಿನಿಮಾ ಮೋಡ್‌ಗೆ ತನ್ನಿ, ಕೋಣೆಯ ಟ್ಯೂಬ್‌ಲೈಟ್ ಆರಿಸಿ. ಕರಾವಳಿ, ಮಲೆನಾಡಿನವರು ಡಿಸ್ಕನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಮಸೂರಕ್ಕೆ ಬರುವ ಬೂಷ್ಟು ಕವರಿನ ಕಾಗದವನ್ನೂ ಬಿಡುವುದಿಲ್ಲ. ನಿಮ್ಮ ಟಿವಿಗೆ ಎಚ್‌ಡಿಆರ್ ಇಲ್ಲದಿದ್ದರೆ ‘ಫೈನಲ್ ಕಟ್’ನ ಹಳೆಯ ಬ್ಲೂ-ರೇ ಸಾಕು, ರಿಪೇರಿ ಅದೇ. ನಿರೂಪಣೆಯಿರುವ 1982ರ ರೂಪ ಬೇಕೆನ್ನುವವರು ಎಲ್ಲ ರೂಪಗಳೂ ಇರುವ ಪೆಟ್ಟಿಗೆಯನ್ನು ಹುಡುಕಬೇಕು.