ಅರ್ಧ ಪಾಠ, ಅರ್ಧ ಕಡತ: ಅಧ್ಯಾಪಕ ಫೆಲೋಶಿಪ್ ಒಂದರ ವಿಮರ್ಶೆ

ಮೈಸೂರಿನ ವಿಶ್ವವಿದ್ಯಾಲಯವೊಂದು ತನ್ನ ಕಾಯಂ ಅಧ್ಯಾಪಕರಿಗೆ ಒಂದು ಶೈಕ್ಷಣಿಕ ವರ್ಷದ ಫೆಲೋಶಿಪ್ ಕೊಡುತ್ತದೆ. ಪಾಠದ ಹೊರೆ ಅರ್ಧಕ್ಕೆ ಇಳಿಯುತ್ತದೆ. ಉಳಿದ ಸಮಯದಲ್ಲಿ ಮೊದಲ ಆರು ತಿಂಗಳು ಕುಲಸಚಿವರ ಕಚೇರಿಯಲ್ಲಿ ಆಡಳಿತದ ಕೆಲಸ, ಜನವರಿಯಿಂದಾಚೆಗೆ ಮೈಸೂರು ಮತ್ತು ಮಂಡ್ಯ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಸಂಪರ್ಕ ಕಾರ್ಯಕ್ರಮ. ಆಡಳಿತದ ಭಾಗಕ್ಕೆ ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಶಾಲೆಯ ಭಾಗಕ್ಕೆ ಎರಡಕ್ಕಿಂತ ಹೆಚ್ಚು ಕೊಡಲು ಕೈ ಬರುವುದಿಲ್ಲ. ತಪ್ಪು ಫೆಲೋಗಳದ್ದೂ ಅಲ್ಲ, ಶಾಲೆಗಳದ್ದೂ ಅಲ್ಲ. ಎರಡು ಭಾಗಗಳನ್ನು ಹಿಂದುಮುಂದಾಗಿ ಜೋಡಿಸಿದ್ದಾರೆ, ಅಷ್ಟೇ.

ಅರ್ಜಿ ಹಾಕುವ ಮೊದಲು ನೋಡಬೇಕಾದದ್ದು ಗೌರವಧನವಲ್ಲ, ಫೆಲೋಶಿಪ್ ಆದೇಶದ ಪ್ರತಿ. 2018ರ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಯಮಾವಳಿಯಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14 ಗಂಟೆ ನೇರ ಬೋಧನೆ ಇದೆ. ಬಡ್ತಿಯ ಮೌಲ್ಯಮಾಪನದಲ್ಲಿ ವಹಿಸಿದ ತರಗತಿಗಳ ಪೈಕಿ ಶೇ 80 ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಂಡಿದ್ದರೆ 'ಉತ್ತಮ', ಶೇ 70ರಿಂದ 80ರೊಳಗಿದ್ದರೆ 'ತೃಪ್ತಿಕರ', ಅದಕ್ಕೂ ಕೆಳಗಿಳಿದರೆ 'ತೃಪ್ತಿಕರವಲ್ಲ'. ಈಗ ಲೆಕ್ಕ ಹಾಕಿ. ಆದೇಶದಲ್ಲಿ 'ಬೋಧನಾ ಹೊರೆಯಲ್ಲಿ ಸೂಕ್ತ ವಿನಾಯಿತಿ' ಎಂದಷ್ಟೇ ಇದ್ದು, ವಿಭಾಗದ ವೇಳಾಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ 16 ಗಂಟೆ ಹಾಗೆಯೇ ಉಳಿದರೆ, ನೀವು ತೆಗೆದುಕೊಂಡ 8 ಗಂಟೆ ಶೇ 50 ಆಗುತ್ತದೆ. ವರ್ಷವಿಡೀ ವಿಶ್ವವಿದ್ಯಾಲಯಕ್ಕಾಗಿ ದುಡಿದವರ ಆ ವರ್ಷದ ಬೋಧನೆ 'ತೃಪ್ತಿಕರವಲ್ಲ' ಎಂಬ ಖಾನೆಗೆ ಬೀಳುತ್ತದೆ. ಬಡ್ತಿಯ ಸಮಿತಿ ಕೂರುವುದು ಎಷ್ಟೋ ವರ್ಷಗಳ ನಂತರ. ಆಗ 'ಅವತ್ತು ಬಾಯಲ್ಲಿ ಹೇಳಿದ್ದರು' ಎಂದರೆ ಕೇಳುವವರು ಯಾರೂ ಇರುವುದಿಲ್ಲ.

ಹಾಗಾಗಿ ಆದೇಶದಲ್ಲಿ ಮೂರು ಸಂಗತಿ ಅಕ್ಷರದಲ್ಲೇ ಇರಬೇಕು: ವಾರಕ್ಕೆ ಎಷ್ಟು ಗಂಟೆ ಪಾಠ ವಹಿಸಲಾಗಿದೆ, ಬಿಟ್ಟ ತರಗತಿಗಳನ್ನು ಯಾವ ಅತಿಥಿ ಉಪನ್ಯಾಸಕರು ತೆಗೆದುಕೊಳ್ಳುತ್ತಾರೆ, ಅವರ ಸಂಭಾವನೆ ಯಾವ ಲೆಕ್ಕಶೀರ್ಷಿಕೆಯಿಂದ (ಬಜೆಟ್ಟಿನ ಯಾವ ಬಾಬತ್ತಿನಿಂದ). ಮೂರನೆಯದು ಇಲ್ಲದಿದ್ದರೆ ಎರಡನೆಯದು ನಡೆಯುವುದಿಲ್ಲ. ಸೆಮಿಸ್ಟರಿನ ನಡುವೆ ಅತಿಥಿ ಉಪನ್ಯಾಸಕರು ಬರುವುದು ನಿಂತರೆ ತರಗತಿಗಳು ಸದ್ದಿಲ್ಲದೆ ನಿಮ್ಮ ತಲೆಗೇ ಬಂದು ಕೂರುತ್ತವೆ. ಇನ್ನೊಂದು ಸಣ್ಣ ತಿದ್ದುಪಡಿಯನ್ನೂ ಕೇಳಿ ಪಡೆಯಿರಿ. ಯುಜಿಸಿ ಪಟ್ಟಿಯಲ್ಲಿ ಆಡಳಿತದ ಹೊಣೆ ಎಂದು ಎಣಿಸಿರುವುದು ಮುಖ್ಯಸ್ಥ, ಡೀನ್, ನಿರ್ದೇಶಕ, ಸಂಯೋಜಕ, ವಾರ್ಡನ್ ಇಂಥ ಹುದ್ದೆಗಳನ್ನು. 'ಫೆಲೋ' ಎಂಬ ಹೆಸರು ಅಲ್ಲಿಲ್ಲ. 'ಶಾಲಾ ಸಂಪರ್ಕ ಕಾರ್ಯಕ್ರಮದ ಸಂಯೋಜಕರು' ಎಂದು ಆದೇಶದಲ್ಲಿ ಬರೆಸಿಕೊಂಡರೆ ಮುಂದೆ ವಾದ ಮಾಡುವ ಪ್ರಮೇಯ ಬರುವುದಿಲ್ಲ.

ಇನ್ನು ಕುಲಸಚಿವರ ಕಚೇರಿ. ಇಲ್ಲಿ ಕಲಿಯುವುದು ನಿಜಕ್ಕೂ ತುಂಬ ಇದೆ. ಪಠ್ಯಕ್ರಮದಲ್ಲಿ ಒಂದು ಪತ್ರಿಕೆ ಬದಲಿಸಬೇಕೆಂದರೆ ಅದು ಅಧ್ಯಯನ ಮಂಡಳಿ, ನಿಕಾಯ (ಫ್ಯಾಕಲ್ಟಿ), ಅಕಾಡೆಮಿಕ್ ಕೌನ್ಸಿಲ್ ದಾಟಿ ಬರಬೇಕು ಎಂಬುದು ಅಧ್ಯಾಪಕರಿಗೆಲ್ಲ ಗೊತ್ತು. ಅದು ಎಲ್ಲಿ, ಏಕೆ ನಿಲ್ಲುತ್ತದೆ ಎಂಬುದು ಕಡತದ ಜೊತೆ ಕೂತವರಿಗೆ ಮಾತ್ರ ಗೊತ್ತಾಗುತ್ತದೆ. ಕಡತ ತಯಾರಿಸುವ ಸಿಬ್ಬಂದಿಯಾದ ವಿಷಯ ನಿರ್ವಾಹಕರ ಮೇಜಿನಿಂದ ಅಧೀಕ್ಷಕರು, ಸಹಾಯಕ ಕುಲಸಚಿವರು, ಉಪ ಕುಲಸಚಿವರು, ಕುಲಸಚಿವರು ಎಂದು ಮೇಲೇರುವ ಕಡತ ವಾಪಸ್ ಬರುವುದು ಬಹುಪಾಲು ಸಣ್ಣ ಕಾರಣಕ್ಕೆ: ನಡಾವಳಿಗೆ ಅಧ್ಯಕ್ಷರ ಸಹಿ ಇದ್ದು ಸದಸ್ಯರ ಹಾಜರಾತಿ ಹಾಳೆ ಇಲ್ಲ, ಹಳೆಯ ಮತ್ತು ಹೊಸ ಪಠ್ಯವನ್ನು ಅಕ್ಕಪಕ್ಕ ತೋರಿಸುವ ತಖ್ತೆ ಇಲ್ಲ, ಯಾವ ಬ್ಯಾಚಿನಿಂದ ಜಾರಿ ಎಂದು ಬರೆದಿಲ್ಲ, ಹಣದ ಬಾಬತ್ತಿದ್ದರೂ ಹಣಕಾಸು ಅಧಿಕಾರಿಯ ಅಭಿಪ್ರಾಯ ಪಡೆದಿಲ್ಲ. ಟಿಪ್ಪಣಿ ಹಾಳೆಯ ಪ್ರತಿ ಕಂಡಿಕೆಗೆ ಸಂಖ್ಯೆ ಹಾಕಿ, ಕೊನೆಯ ಕಂಡಿಕೆಯಲ್ಲಿ ಕೇಳುತ್ತಿರುವುದೇನು ಎಂದು ಒಂದೇ ವಾಕ್ಯದಲ್ಲಿ ಬರೆಯುವ ರೂಢಿ ಕೈಗೆ ಹತ್ತಿದರೂ ಸಾಕು, ಮುಂದೆ ವಿಭಾಗದ ಮುಖ್ಯಸ್ಥರಾದಾಗ ಅರ್ಧ ತಲೆನೋವು ತಪ್ಪುತ್ತದೆ.

ಕೊರತೆ ಎರಡು. ಫೆಲೋಗಳಿಗೆ ಇ-ಆಫೀಸ್ (ಕಡತಗಳನ್ನು ಕಂಪ್ಯೂಟರಿನಲ್ಲೇ ನಡೆಸುವ ವ್ಯವಸ್ಥೆ) ಲಾಗಿನ್ ಕೊಡುವುದಿಲ್ಲ, ಪಕ್ಕದಲ್ಲಿ ಕೂತು ನೋಡಬೇಕು. ಕರಡು ಟಿಪ್ಪಣಿ ಬರೆದುಕೊಟ್ಟರೆ ವಿಷಯ ನಿರ್ವಾಹಕರು ಅದನ್ನು ತಮ್ಮ ಲಾಗಿನ್ನಿನಲ್ಲಿ ಏರಿಸುತ್ತಾರೆ. ಬರೆದವರ ಹೆಸರು ಎಲ್ಲೂ ದಾಖಲಾಗುವುದಿಲ್ಲ. ಎರಡನೆಯದು, ಕೆಲಸ ತಮ್ಮದೇ ಸಂಸ್ಥೆಯಲ್ಲಿ. ಅಮೆರಿಕದಲ್ಲಿ 1965ರಿಂದ ನಡೆಯುತ್ತಿರುವ ಎಸಿಇ (ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್) ಫೆಲೋಸ್ ಕಾರ್ಯಕ್ರಮದಲ್ಲಿ ಫೆಲೋಗಳನ್ನು ಬೇರೆ ಸಂಸ್ಥೆಗೆ ಕಳುಹಿಸುತ್ತಾರೆ. ಅದರ ಬೆಲೆ ಇಲ್ಲಿ ತಿಳಿಯುತ್ತದೆ: ಸಹೋದ್ಯೋಗಿಯ ರಜೆ ಅರ್ಜಿ, ಸ್ವಂತ ವಿಭಾಗದ ದೂರು ನಿಮ್ಮ ಮೇಜಿಗೇ ಬಂದರೆ ಏನು ಮಾಡುತ್ತೀರಿ? ಮೊದಲ ದಿನವೇ ಸ್ವಂತ ನಿಕಾಯದ ಕಡತ ಬೇಡ ಎಂದು ಬರೆದು ಕೊಡುವುದು ಕ್ಷೇಮ.

ಶಾಲೆಯ ಭಾಗ ಜನವರಿಯಲ್ಲಿ ಶುರುವಾಗುವುದೇ ಎಡವಟ್ಟು. ಆ ಹೊತ್ತಿಗೆ ಹತ್ತನೇ ತರಗತಿಗೆ ವಿಶೇಷ ತರಗತಿ, ಪೂರ್ವಸಿದ್ಧತಾ ಪರೀಕ್ಷೆ, ಆಮೇಲೆ ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ. 'ಪ್ರಿಪರೇಟರಿ ಮುಗೀಲಿ ಮೇಡಂ, ಆಮೇಲೆ ಬನ್ನಿ' ಎನ್ನುವ ಹೆಡ್‌ಮಾಸ್ಟರ್ ಉದಾಸೀನ ಮಾಡುತ್ತಿಲ್ಲ, ಇದ್ದದ್ದನ್ನೇ ಹೇಳುತ್ತಿದ್ದಾರೆ. ಅಲ್ಲಿಂದ ಮುಂದೆ ಬೇಸಿಗೆ ರಜೆ. ಹೊರಗಿನವರಿಗೆ ಶಾಲೆ ಬಾಗಿಲು ತೆರೆಯುವುದು ಜೂನ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ, ಮತ್ತೆ ದಸರಾ ರಜೆ ಕಳೆದು ನವೆಂಬರಿನಲ್ಲಿ. ಅತ್ತ ಕುಲಸಚಿವರ ಕಚೇರಿಯಲ್ಲಿ ಕೆಲಸ ರಂಗೇರುವುದು ಜನವರಿಯಿಂದ ಮಾರ್ಚ್ 31ರವರೆಗೆ, ಬಜೆಟ್ ಮತ್ತು ಲೆಕ್ಕ ಮುಕ್ತಾಯದ ದಿನಗಳಲ್ಲಿ. ಎರಡು ಭಾಗಗಳನ್ನು ಅದಲುಬದಲು ಮಾಡಿದರೆ ಎರಡಕ್ಕೂ ಲಾಭ. ಇದಕ್ಕೆ ಹೆಚ್ಚುವರಿ ಹಣವೂ ಬೇಡ.

ಅನುಮತಿ ಪತ್ರದಲ್ಲೂ ಜನ ಮುಗ್ಗರಿಸುತ್ತಾರೆ. ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರು) ಪತ್ರ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ, ಅಲ್ಲಿಂದ ಪ್ರೌಢಶಾಲೆ ಮುಟ್ಟುತ್ತದೆ. ಅದೇ ಪತ್ರ ಹಿಡಿದು ಪಿಯು ಕಾಲೇಜಿಗೆ ಹೋದರೆ ನಡೆಯುವುದಿಲ್ಲ, ಅಲ್ಲಿಗೆ ಡಿಡಿಪಿಯು (ಪದವಿಪೂರ್ವ ಶಿಕ್ಷಣದ ಉಪನಿರ್ದೇಶಕರು) ಪತ್ರ ಬೇಕು. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಬಹುಪಾಲು ವಸತಿ ಶಿಕ್ಷಣ ಸಂಸ್ಥೆಗಳ ಸಂಘದ ಅಡಿಯಲ್ಲಿವೆ, ಅವುಗಳಿಗೆ ಬೇರೆಯೇ ದಾರಿ. ನಾಗಮಂಗಲ, ಕೆ.ಆರ್.ಪೇಟೆ ಕಡೆಗೆ ಮೈಸೂರಿನಿಂದ ಹೋಗಿಬರಲು ಒಂದು ದಿನ ಹಿಡಿಯುತ್ತದೆ. 40 ನಿಮಿಷದ ಒಂದು ಪೀರಿಯಡ್‌ಗಾಗಿ ಅಷ್ಟು ದೂರ ಹೋಗುವುದು ದಂಡ. ಒಂದೇ ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಎರಡು ಮೂರು ಶಾಲೆಗಳನ್ನು ಹೊಂದಿಸಿಕೊಂಡು, ಪ್ರತಿ ಶಾಲೆಯಲ್ಲೂ ಬೆನ್ನುಬೆನ್ನಿಗೆ ಎರಡು ಪೀರಿಯಡ್ ಕೇಳಿ.

ಕೊಡುವ ಸಾಮಗ್ರಿ ಒಂದು ಸ್ಲೈಡ್ ಪ್ರದರ್ಶನ: ವಿಶ್ವವಿದ್ಯಾಲಯದ ಕೋರ್ಸುಗಳು, ಕಟ್ಟಡಗಳ ಚಿತ್ರ. ಎಂಟನೇ ತರಗತಿಯ ಮಗುವಿಗೆ ಇದರಿಂದ ಏನಾಗಬೇಕು? ಮಂಡ್ಯದಲ್ಲಂತೂ ಪಾಠಕ್ಕೆ ಬೇಕಾದ ವಸ್ತು ಶಾಲೆಯ ಕಾಂಪೌಂಡಿನ ಆಚೆಯೇ ಬೆಳೆದಿರುತ್ತದೆ. 0–32 ಬ್ರಿಕ್ಸ್ ಅಳತೆಯ ಕೈ ರಿಫ್ರಾಕ್ಟೋಮೀಟರ್ (ರಸದಲ್ಲಿ ಕರಗಿದ ಘನಾಂಶವನ್ನು ಬೆಳಕು ಬಾಗುವುದರಿಂದ ಅಳೆಯುವ ಸಣ್ಣ ಉಪಕರಣ) ಒಂದು ಇದ್ದರೆ ಸಾಕು. ಒಂದು ಜಲ್ಲೆ ಕಬ್ಬಿನ ಬುಡ, ನಡು, ತುದಿಯಿಂದ ಒಂದೊಂದು ಗಣ್ಣು ಕತ್ತರಿಸಿ, ಇಕ್ಕಳದಲ್ಲಿ ಹಿಂಡಿ, ಎರಡು ಮೂರು ಹನಿ ಅದರ ಗಾಜಿನ ಮೇಲೆ ಬಿಟ್ಟು ಮುಚ್ಚಳ ಹಾಕಿ ಬೆಳಕಿಗೆ ಹಿಡಿದರೆ ನೀಲಿ, ಬಿಳಿ ಸೇರುವ ಗೆರೆ ಕಾಣುತ್ತದೆ; ಗೆರೆ ನಿಂತ ಅಂಕಿಯೇ ಬ್ರಿಕ್ಸ್. ಬಲಿಯದ ಕಬ್ಬಿನಲ್ಲಿ ತುದಿಯ ಅಂಕಿ ಬುಡಕ್ಕಿಂತ ಬಹಳ ಕೆಳಗಿರುತ್ತದೆ. ಬಲಿತಂತೆ ಎರಡೂ ಹತ್ತಿರ ಬರುತ್ತವೆ. ಕಟಾವಿಗೆ ಬಂದಿದೆಯೇ ಎಂದು ನೋಡುವ ಒಂದು ವಿಧಾನವೂ ಇದೇ. ಹಾಗಾಗಿ ಅಪ್ಪನಿಗೆ ಹೇಳಲು ಮಕ್ಕಳ ಬಳಿ ಏನಾದರೂ ಇರುತ್ತದೆ.

ಎಡವಟ್ಟಾಗುವುದು ಇಲ್ಲಿ: ಮೊದಲು ಶುದ್ಧ ನೀರಿನಲ್ಲಿ ಸೊನ್ನೆಗೆ ತರದಿದ್ದರೆ, ಹಿಂದಿನ ಗುಂಪಿನ ರಸ ಗಾಜಿನ ಮೇಲೆ ಒಣಗಿದ್ದರೆ, ಮುಚ್ಚಳದಡಿ ಗುಳ್ಳೆ ಸಿಕ್ಕಿಕೊಂಡರೆ. ಉಪಕರಣದ ಅಳತೆ 20 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿದ್ದು. ತಾಪ ಸರಿದೂಗಿಸುವ ವ್ಯವಸ್ಥೆ ಇಲ್ಲದಿದ್ದರೆ 30 ಡಿಗ್ರಿಯಲ್ಲಿ, 20 ಬ್ರಿಕ್ಸ್ ಆಸುಪಾಸಿನ ಓದು ಸುಮಾರು ಮುಕ್ಕಾಲು ಬ್ರಿಕ್ಸ್ ಕಡಿಮೆ ಬರುತ್ತದೆ. ಬ್ರಿಕ್ಸ್ ಕರಗಿದ ಎಲ್ಲ ಘನಾಂಶದ ಅಳತೆ, ಬರೀ ಸಕ್ಕರೆಯದಲ್ಲ ಎಂದೂ ಹೇಳಬೇಕು. ಉಪಕರಣವನ್ನು ವಾಪಸ್ ತರದೆ ವಿಜ್ಞಾನ ಶಿಕ್ಷಕರಿಗೆ ಕೊಟ್ಟು ದಾಸ್ತಾನು ಪುಸ್ತಕದಲ್ಲಿ ಬರೆಸಿ. ಅವರು ಮುಂದಿನ ವರ್ಷ ನಿಮ್ಮನ್ನು ಕಾಯದೆ ಪಾಠ ಮಾಡುತ್ತಾರೆ.

ವಿಶ್ವವಿದ್ಯಾಲಯ ಕೇಳುವುದು ಮಾತ್ರ ಜಿಯೋಟ್ಯಾಗ್ ಫೋಟೊ ಮತ್ತು ಸಹಿ ಪಟ್ಟಿ, ನ್ಯಾಕ್ (ವಿಶ್ವವಿದ್ಯಾಲಯಗಳಿಗೆ ಮಾನ್ಯತೆಯ ಶ್ರೇಣಿ ಕೊಡುವ ಮಂಡಳಿ) ಕಡತಕ್ಕೆ. ಕೊಟ್ಟುಬಿಡಿ, ಆದರೆ ಮಕ್ಕಳ ಮುಖದ ಹತ್ತಿರದ ಚಿತ್ರಗಳನ್ನು ಶಾಲೆಯ ಒಪ್ಪಿಗೆ ಇಲ್ಲದೆ ಬೇಡ.

ಹಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರಯಾಣಕ್ಕೆ ಮುಂಚಿತ ಅನುಮೋದನೆ ಇಲ್ಲದ ಬಿಲ್ಲು ಲೆಕ್ಕ ವಿಭಾಗದಿಂದ ಹಾಗೇ ವಾಪಸ್ ಬರುತ್ತದೆ. ಸಾಮಗ್ರಿಗೆ ದರಪಟ್ಟಿ ಪಡೆದೇ ಕೊಳ್ಳಿ, ಹಣ ಬಳಕೆ ಪ್ರಮಾಣಪತ್ರವನ್ನು ಮಾರ್ಚ್ ಕೊನೆಯ ವಾರಕ್ಕೆ ಉಳಿಸಿಕೊಳ್ಳಬೇಡಿ.

ಬಡ್ತಿಗೆ ಒಂದೆರಡು ವರ್ಷವಷ್ಟೇ ಉಳಿದವರು, ಪಿಎಚ್‌ಡಿ ವಿದ್ಯಾರ್ಥಿಗಳ ಪ್ರಬಂಧ ಸಲ್ಲಿಕೆ ಹತ್ತಿರವಿರುವವರು ಈ ವರ್ಷ ಬಿಡುವುದು ಒಳ್ಳೆಯದು. ಮುಂದೆ ವಿಭಾಗದ ಹೊಣೆ ಹೊರಬೇಕಾದ ಸಹ ಪ್ರಾಧ್ಯಾಪಕರು ಅರ್ಜಿ ಹಾಕಲಿ. ಜೂನ್‌ನಲ್ಲಿ ಶಾಲೆ, ಜನವರಿಯಲ್ಲಿ ಕಚೇರಿ ಎಂಬ ಬದಲಾವಣೆಯ ಕೋರಿಕೆಯನ್ನು ಅರ್ಜಿಯ ಜೊತೆಗೇ, ಪ್ರತ್ಯೇಕ ಹಾಳೆಯಲ್ಲಿ, ಸ್ವೀಕೃತಿ ಮುದ್ರೆ ಹಾಕಿಸಿ ಕೊಡಲಿ.