ಮಣ್ಣು ತುಂಬುವ ಕೈಸಲಿಕೆ ಕೊಳ್ಳುವ ಮುಂಚೆ ಅದರ ಕತ್ತು ನೋಡಿ

ಹೊಲಿಗೆ ಬಿಚ್ಚಿ ಒಂದು ವಾರ ಆಯಿತು. ಬಲಗೈ ಹೆಬ್ಬೆರಳು ಮೊಬೈಲ್ ಮೇಲೆ ಈಗ ಸರಿಯಾಗಿ ಓಡಾಡುತ್ತಿದೆ. ಅದಕ್ಕೇ ಇದನ್ನು ಬರೆಯಲು ಕೂತೆ. ಮಳೆ ಹಿಡಿಯುವ ಮುಂಚೆ ಕುಂಡಗಳಿಗೆ ಹೊಸ ಮಣ್ಣು ತುಂಬುವವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ನನ್ನ ಹಾಗೆ ಬರೀ ಫೋಟೋ ನೋಡಿ ಸಾಮಾನು ತರಿಸುವವರೂ ಇದ್ದೀರಿ. ಆರ್ಡರ್ ಒತ್ತುವ ಮುಂಚೆ ಇದನ್ನೊಂದು ಸಲ ಓದಿಬಿಡಿ.

ನಮ್ಮದು ಮೈಸೂರು. ತಾರಸಿ ಮೇಲೆ 32 ಗ್ರೋ ಬ್ಯಾಗು, ಅಂದರೆ ಗಿಡ ಬೆಳೆಸುವ ಚೀಲ. ಅದರ ಜೊತೆ ಹಳೇ ಬಕೆಟ್ಟು, ಸೀಳಿದ ಟಬ್ಬು, ಪೇಂಟ್ ಡಬ್ಬ ಅಂತ ಲೆಕ್ಕಕ್ಕೆ ಸಿಗದ ಒಂದಷ್ಟು. ಬದನೆ, ಮೆಣಸಿನಕಾಯಿ, ಬಸಳೆ, ಮೂಲೆಯಲ್ಲಿ ಒಂದು ಮಲ್ಲಿಗೆ ಬಳ್ಳಿ. ಪ್ರತಿ ವರ್ಷ ಮೇ ಕೊನೆಯಲ್ಲಿ ಹಳೇ ಮಣ್ಣು ಸುರಿದು, ಬಿಸಿಲಿಗೆ ಒಣಗಿಸಿ, ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಬೆರೆಸಿ ಮತ್ತೆ ತುಂಬುತ್ತೇನೆ. ಇಷ್ಟು ವರ್ಷ ಅದಕ್ಕೆ ತೆಂಗಿನ ಚಿಪ್ಪೇ ಸಾಕಾಗಿತ್ತು. ಕೆಲಸ ಆಗುತ್ತಿತ್ತು, ಆದರೆ ಉಗುರಿನ ಸಂದಿಗೆಲ್ಲ ಮಣ್ಣು, ಸಂಜೆ ಹೊತ್ತಿಗೆ ಸೊಂಟ ಹಿಡಿದುಬಿಡುತ್ತಿತ್ತು.

ಈ ಸಲ ಲೆಕ್ಕ ಹಾಕಿದೆ. 12 ಇಂಚು ಅಗಲ, 12 ಇಂಚು ಎತ್ತರದ ದುಂಡು ಚೀಲಕ್ಕೆ ಬಾಯಿತನಕ ತುಂಬಿದರೆ 22 ಲೀಟರ್ ಮಣ್ಣು ಬೇಕು. ನೀರು ನಿಲ್ಲಲಿ ಅಂತ ಮೇಲೆ 2 ಇಂಚು ಬಿಟ್ಟರೂ 18 ಲೀಟರ್. ಒಂದು ಚಿಪ್ಪಿಗೆ ಕಾಲು ಲೀಟರ್ ಅಂದುಕೊಳ್ಳಿ. ಒಂದು ಚೀಲಕ್ಕೆ 72 ಸಲ, 32 ಚೀಲಕ್ಕೆ 2,300 ಸಲ ಬಗ್ಗಿ ಏಳಬೇಕು! ಈ ಲೆಕ್ಕ ನೋಡಿ ತಲೆ ಕೆಟ್ಟು, ಮಗಳ ಕೈಲಿ ಆ್ಯಪ್ ತೆಗೆಸಿ ಹುಡುಕಿಸಿದೆ.

ಸಿಕ್ಕಿದ್ದು 5 ಸಾಮಾನಿನ ಗಾರ್ಡನ್ ಸೆಟ್, 349 ರೂಪಾಯಿ. ಅದರಲ್ಲೊಂದು ದೊಡ್ಡ ಬಾಯಿಯ ಕೈಸಲಿಕೆ. ಅಕ್ಕಿ ಅಂಗಡಿಯಲ್ಲಿ ಮೂಟೆಯಿಂದ ಅಕ್ಕಿ ಮೊಗೆಯುತ್ತಾರಲ್ಲ, ಆ ಆಕಾರ. ಎರಡೂ ಪಕ್ಕ ಅಂಚು ಎದ್ದು ನಿಂತಿರುವುದರಿಂದ ಮಣ್ಣು ಚೆಲ್ಲುವುದಿಲ್ಲ. ಹಸಿರು ಹಿಡಿ, ಥಳಥಳ ಹೊಳೆಯುವ ಬಾಯಿ. ಹೆವಿ ಡ್ಯೂಟಿ ಅಂತ ಬರೆದಿತ್ತು. ಸ್ಟೇನ್‌ಲೆಸ್ ಸ್ಟೀಲ್ ಅಂತಲೂ ಬರೆದಿತ್ತು. 4 ಚಿಲ್ಲರೆ ಸ್ಟಾರು ಬೇರೆ. ಫೋಟೋದಲ್ಲಿ ಕಲೆಯಿಲ್ಲದ ಬಿಳಿ ಗ್ಲೌಸ್ ಹಾಕಿಕೊಂಡ ಹೆಂಗಸು ನಗುನಗುತ್ತಾ ಮಣ್ಣು ತುಂಬುತ್ತಿದ್ದಳು. ಅವಳ ಮಣ್ಣು ಕಾಫಿ ಪುಡಿಯಷ್ಟು ಉದುರು. ನನಗೆ ಅಲ್ಲೇ ಅನುಮಾನ ಬರಬೇಕಿತ್ತು.

ಪಾರ್ಸೆಲ್ ಬಿಚ್ಚುವಾಗ ನಮ್ಮ ಮಾವ ಪಕ್ಕದಲ್ಲೇ ಕೂತಿದ್ದರು. ಹುಣಸೂರಿನ ಕಡೆ ಹೊಗೆಸೊಪ್ಪು ಬೆಳೆದವರು. ಸಲಿಕೆ ಕೈಗೆ ತಗೊಂಡವರು ಬಾಯಿ ನೋಡಲಿಲ್ಲ, ಹಿಡಿ ನೋಡಲಿಲ್ಲ. ಬಾಯಿಗೂ ಹಿಡಿಗೂ ನಡುವಿನ ಕತ್ತನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. "ತಗಡು ಕಣವ್ವ ಇದು. ಮೊಸರನ್ನ ಬಡಿಸೋಕೆ ಆಯ್ತದೆ, ಮಣ್ಣಿಗೆ ಆಗಕಿಲ್ಲ" ಅಂದರು. ಹಳಬರಿಗೆ ಎಲ್ಲದರಲ್ಲೂ ಕೊಂಕೇ ಅಂದುಕೊಂಡು ಒಳಗೆ ಇಟ್ಟೆ. ಮದುವೆ, ನಾಮಕರಣ ಅಂತ ಓಡಾಟದಲ್ಲಿ 8 ದಿನ ಡಬ್ಬಿಯಿಂದ ಹೊರಗೆ ತೆಗೆಯಲೂ ಇಲ್ಲ. ಇದು ಆಮೇಲೆ ಮುಳುವಾಯಿತು, ಹೇಳುತ್ತೇನೆ.

ಮೊದಲ ಎರಡು ಚೀಲ ತುಂಬಿದಾಗ ನನಗೆ ಬಹಳ ಖುಷಿ. ಒಣಗಿದ ಉದುರು ಮಣ್ಣು, ಒಂದು ಸಲಕ್ಕೆ ಅರ್ಧ ಲೀಟರ್ ಹತ್ತಿರ ಬರುತ್ತಿತ್ತು. ಮೂರನೆಯ ಚೀಲಕ್ಕೆ ಗೊಬ್ಬರದ ಮೂಟೆಗೆ ಕೈ ಹಾಕಿದೆ. ಗೊಬ್ಬರ ಸ್ವಲ್ಪ ಹಸಿಯಾಗಿ ಗಟ್ಟಿ ಕೂತಿತ್ತು. ಚುಚ್ಚಿ ಮೇಲೆ ಮೀಟಿದೆ. ಗೊಬ್ಬರ ಏಳಲಿಲ್ಲ, ಸಲಿಕೆ ತಲೆ ಬಗ್ಗಿಸಿತು. ನೀರಿಲ್ಲದ ಸೂರ್ಯಕಾಂತಿ ಥರ.

ನೆಲಕ್ಕೆ ಒತ್ತಿ ನೆಟ್ಟಗೆ ಮಾಡಿದೆ. ಮತ್ತೆ ಬಗ್ಗಿತು. ಮತ್ತೆ ನೆಟ್ಟಗೆ ಮಾಡಿದೆ. ತಂತಿ ತುಂಡು ಮಾಡಬೇಕಾದರೆ ನಾವು ಮಾಡುವುದೂ ಇದನ್ನೇ ಅಲ್ವಾ? ಆ ಕಡೆ ಈ ಕಡೆ ನಾಲ್ಕು ಸಲ ಬಗ್ಗಿಸಿದರೆ ತಾನಾಗಿ ಮುರಿಯುತ್ತದೆ. ಗೊತ್ತಿದ್ದೂ ನಾನು ಸಲಿಕೆಗೆ ಅದನ್ನೇ ಮಾಡುತ್ತಿದ್ದೆ.

ನನ್ನದೂ ಒಂದು ತಪ್ಪಿದೆ, ಮುಚ್ಚಿಡುವುದಿಲ್ಲ. ಮರುದಿನ 5 ಕೆಜಿ ಕೋಕೋಪೀಟ್ ಬ್ಲಾಕ್, ಅಂದರೆ ತೆಂಗಿನ ನಾರಿನ ಪುಡಿಯನ್ನು ಒತ್ತಿ ಮಾಡಿದ ಗಟ್ಟಿ, ನೆನೆಸಿದ್ದೆ. ಅದು ಪೂರ್ತಿ ನೀರು ಕುಡಿದರೆ ಉಬ್ಬಿ 60–70 ಲೀಟರ್ ಆಗುತ್ತದೆ, ಅದಕ್ಕೆ ತಕ್ಕ ಟಬ್ಬು ಬೇಕು, ಪುರುಸೊತ್ತೂ ಬೇಕು. ನನಗೆ ಎರಡೂ ಇರಲಿಲ್ಲ. ಮೇಲೆ ಮೆತ್ತಗಾಗಿತ್ತು, ನಡುವೆ ಇಟ್ಟಿಗೆಯಷ್ಟು ಗಟ್ಟಿ. ಆ ಗಟ್ಟಿ ಜಾಗಕ್ಕೆ ಸಲಿಕೆ ಚುಚ್ಚಿ, ಅಂಗೈ ಒತ್ತಿ ಮೀಟಿದೆ. ಟಕ್ ಅಂತ ಸದ್ದು. ಬಾಯಿ ಬ್ಲಾಕಿನಲ್ಲೇ ಉಳಿಯಿತು. ಕೈ ಇದ್ದ ರಭಸಕ್ಕೆ ಮುಂದೆ ಜಾರಿತು. ಮುರಿದ ತಗಡಿನ ಮೊನೆ ಹೆಬ್ಬೆರಳಿನ ಬುಡಕ್ಕೆ ನೇರವಾಗಿ ಇಳಿಯಿತು. ಮೊದಲು ನೋವೇ ಗೊತ್ತಾಗಲಿಲ್ಲ. ಕೋಕೋಪೀಟ್ ಕೆಂಪಗಾಗಿದ್ದು ನೋಡಿ ಕೈ ನೋಡಿಕೊಂಡೆ.

ಮನೆಯಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆ. ಅರಿಶಿನ ಮೆತ್ತಿ, ಕೈಗೆ ಹಳೇ ಪಂಚೆ ಸುತ್ತಿಕೊಂಡು ಆಸ್ಪತ್ರೆಗೆ ಹೋದೆ. ಡಾಕ್ಟರು ಆ ಅರಿಶಿನ ತೊಳೆಯಲು 10 ನಿಮಿಷ ತಗೊಂಡರು, ಅಷ್ಟೂ ಹೊತ್ತು ಬೈದರು. ಗಾಯವಾದರೆ ನಲ್ಲಿ ನೀರು ಬಿಟ್ಟುಕೊಂಡು ಸೋಪಿನಲ್ಲಿ ಚೆನ್ನಾಗಿ ತೊಳೆಯಬೇಕಂತೆ. ಆಮೇಲೆ ಶುಭ್ರವಾದ ಬಟ್ಟೆ ಒತ್ತಿ ಹಿಡಿದು ಆಸ್ಪತ್ರೆಗೆ ಬರಬೇಕು. ಪುಡಿ ಗಿಡಿ ಏನೂ ಬೇಡ.

"ಕಬ್ಬಿಣ ಹೊಸದು ಡಾಕ್ಟ್ರೇ, ತುಕ್ಕು ಹಿಡಿದಿರಲಿಲ್ಲ, ಟಿಟಿ ಬೇಕಾ?" ಅಂತ ಕೇಳಿದೆ. ತುಕ್ಕಿಗೂ ಧನುರ್ವಾಯುವಿಗೂ ನೇರ ಸಂಬಂಧ ಇಲ್ಲ ಅಂದರು. ಅದರ ರೋಗಾಣು ಇರುವುದು ಮಣ್ಣಿನಲ್ಲಿ, ಸಗಣಿಯಲ್ಲಿ. ಅಂದರೆ ನಾವು ಕುಂಡಕ್ಕೆ ಪ್ರೀತಿಯಿಂದ ಬೆರೆಸುವ ಸಾಮಾನಿನಲ್ಲೇ! ಕಿರಿದಾಗಿ ಆಳಕ್ಕೆ ಇಳಿದ ಗಾಯದೊಳಗೆ ಗಾಳಿ ಆಡುವುದಿಲ್ಲ. ಆ ರೋಗಾಣುವಿಗೆ ಬೇಕಾಗಿರುವುದೂ ಅದೇ. ಸಲಿಕೆ ಎಷ್ಟೇ ಹೊಳೆಯಲಿ, ಗೊಬ್ಬರಕ್ಕೆ ಅದ್ದಿದ ಮೇಲೆ ಮುಗಿಯಿತು. ದೊಡ್ಡವರೂ 10 ವರ್ಷಕ್ಕೊಮ್ಮೆ ಚುಚ್ಚಿಸಿಕೊಳ್ಳಬೇಕು, ಗಾಯಕ್ಕೆ ಮಣ್ಣು, ಗೊಬ್ಬರ ಸೇರಿದ್ದರೆ ಹಿಂದಿನದಕ್ಕೆ 5 ವರ್ಷ ದಾಟಿದ್ದರೂ ಮತ್ತೆ ಬೇಕು ಅಂತ ವಿವರಿಸಿದರು. ನಾನು ಹಿಂದೆ ಹಾಕಿಸಿಕೊಂಡಿದ್ದು ಮಗಳು ಹೊಟ್ಟೆಯಲ್ಲಿದ್ದಾಗ. ಅವಳಿಗೀಗ 19. ಅಂದಹಾಗೆ ನಾವೆಲ್ಲ ಟಿಟಿ ಅನ್ನುತ್ತೇವಲ್ಲ, ಈಗ ಅದರ ಬದಲು ಗಂಟಲಮಾರಿಗೂ ಸೇರಿಸಿ ಟಿಡಿ ಅಂತ ಕೊಡುತ್ತಾರೆ.

ಶುಗರ್ ಇದೆಯಾ ಅಂತಲೂ ಕೇಳಿದರು. ನನಗಿಲ್ಲ. ಇರುವವರು ಗ್ಲೌಸ್ ಇಲ್ಲದೆ ಮಣ್ಣು ಮುಟ್ಟಲೇಬೇಡಿ. ಉಡುಪಿ, ಮಂಗಳೂರು ಕಡೆಯವರಿಗೆ ಇನ್ನೂ ಒಂದು ಮಾತು. ಅಲ್ಲಿ ಮಳೆಗಾಲದಲ್ಲಿ ಮಣ್ಣು, ಕೆಸರಿನಿಂದ ಗಾಯದ ಮೂಲಕ ಒಳಗೆ ಹೋಗುವ ಮೆಲಿಯಾಯ್ಡೋಸಿಸ್ ಅನ್ನುವ ಸೋಂಕು ಇದೆ. ಸಕ್ಕರೆ ಕಾಯಿಲೆ ಇರುವವರಿಗೆ ಅದರ ಅಪಾಯ ಜಾಸ್ತಿ.

ಮನೆಗೆ ಬಂದು ಮುರಿದ ತುಂಡುಗಳನ್ನು ಮೇಜಿನ ಮೇಲೆ ಇಟ್ಟುಕೊಂಡು ನೋಡಿದೆ. ಆಗ ಮಾವ ಕತ್ತು ಯಾಕೆ ಹಿಡಿದರು ಅಂತ ಅರ್ಥವಾಯಿತು. ಬಾಯಿಯೂ ಕತ್ತೂ ಒಂದೇ ತುಂಡಲ್ಲ. ಬೇರೆ ತಗಡಿನ ಪಟ್ಟಿಯನ್ನು ಬಾಯಿಯ ಬೆನ್ನಿಗೆ ಇಟ್ಟು ಎರಡೇ ಎರಡು ಚುಕ್ಕೆ ಬೆಸುಗೆ ಹಾಕಿದ್ದಾರೆ. ಒಂದೊಂದು ಚುಕ್ಕೆ ಹೆಸರುಕಾಳಿನಷ್ಟು ದೊಡ್ಡದು. ಆ ಪಟ್ಟಿ ಹಿಡಿಯ ಒಳಗೆ ಹೋಗಿರುವುದು 2 ಇಂಚೂ ಇಲ್ಲ. ಅಡ್ಡ ಮೊಳೆ ಇಲ್ಲ, ರಿವಿಟ್ ಇಲ್ಲ, ಸುಮ್ನೆ ತುರುಕಿದ್ದಾರೆ. ಹಿಡಿ ಒಳಗೆ ಪೊಳ್ಳು. ಮುರಿದ ಜಾಗದಲ್ಲಿ ಲೋಹ ಬೂದು ಬಣ್ಣ, ಹೊಳಪು ಮೇಲಿನ ಲೇಪ ಮಾತ್ರ. ಎರಡು ದಿನ ಬಿಟ್ಟು ನೋಡಿದರೆ ಅಲ್ಲೇ ತುಕ್ಕು. ಸ್ಟೇನ್‌ಲೆಸ್ಸಂತೆ!

ನೀವು ಯಾವ ಆ್ಯಪಿನಲ್ಲಾದರೂ ಇಂಥ ಸಲಿಕೆಯ ಫೋಟೋಗಳನ್ನು ಒಮ್ಮೆ ಗಮನಿಸಿ. ಬಾಯಿ ಹತ್ತಿರದಿಂದ ತೋರಿಸುತ್ತಾರೆ. ಹಿಡಿ ತೋರಿಸುತ್ತಾರೆ. ಕತ್ತಿನ ಹಿಂಭಾಗ ತೋರಿಸುವವರು ಕಡಿಮೆ. ಅದು ಕಾಣಿಸದಿದ್ದರೆ ಕೊಳ್ಳಬೇಡಿ, ಇಷ್ಟೇ ನನ್ನ ಮಾತು. ಬಾಯಿ, ಕತ್ತು ಒಂದೇ ತುಂಡಾಗಿರಬೇಕು, ಇಲ್ಲವಾದರೆ ಕತ್ತಿಗೆ ದಪ್ಪ ಸರಳು ಹಾಕಿ ಸುತ್ತಲೂ ಬೆಸೆದಿರಬೇಕು. ಹಿಡಿಯಲ್ಲಿ ಅಡ್ಡ ರಿವಿಟ್ ಕಾಣಬೇಕು. ಅಂಗಡಿಯಲ್ಲಿ ಕೊಳ್ಳುವುದಾದರೆ ಮೊನೆಯನ್ನು ನೆಲಕ್ಕೆ ಊರಿ ಸ್ವಲ್ಪ ಮೈಭಾರ ಬಿಡಿ. ಅಂಗಡಿಯವರು ಗುರುಗುಟ್ಟಿದರೆ ಅಲ್ಲಿಂದ ಎದ್ದು ಬನ್ನಿ. ಗಾರೆ ಕೆಲಸದವರ ಕರಣೆ ಎತ್ತಿ ನೋಡಿದರೂ ವ್ಯತ್ಯಾಸ ತಿಳಿಯುತ್ತದೆ, ಅದರ ಕತ್ತು ದಿನವಿಡೀ ಸಿಮೆಂಟ್ ಹೊತ್ತರೂ ಬಗ್ಗುವುದಿಲ್ಲ. ಆದರೆ ಕರಣೆ ಚಪ್ಪಟೆ, ಮಣ್ಣು ತುಂಬಲು ಆಗದು. ಅಯಸ್ಕಾಂತ ಅಂಟಿದರೆ ಸ್ಟೇನ್‌ಲೆಸ್ ಅಲ್ಲ ಅಂತ ಹೇಳುವವರಿದ್ದಾರೆ. ಅದನ್ನು ಪೂರ್ತಿ ನಂಬಬೇಡಿ, ಅಂಟುವ ಸ್ಟೇನ್‌ಲೆಸ್ ಕೂಡ ಇದೆ.

ಇನ್ನು ದುಡ್ಡಿನ ಕಥೆ. 7 ದಿನದೊಳಗೆ ವಾಪಸ್ ಮಾಡಬಹುದಿತ್ತು. ನಾನು ಬಳಸಿದ್ದೇ 9ನೇ ದಿನ. ಆ್ಯಪಿನಲ್ಲಿ ಅವಧಿ ಮುಗಿದಿದೆ ಅಂತ ಬಂತು. ಚಾಟ್‌ನಲ್ಲಿ ಗಾಯದ ಫೋಟೋ ಹಾಕಿದರೆ "ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಅಂತ ಅದೇ ಸಾಲು ಮೂರು ಸಲ ಬಂತು. ಹಾಗಾಗಿ ಏನೇ ತರಿಸಿದರೂ ಬಂದ ದಿನವೇ ಮಣ್ಣಿಗೆ ಹಾಕಿ ನೋಡಿ. ಪ್ಯಾಕೆಟ್ ಎಸೆಯಬೇಡಿ. 2011ರ ಪ್ಯಾಕೇಜ್ ನಿಯಮಗಳ ಪ್ರಕಾರ ಅದರ ಮೇಲೆ ತಯಾರಿಸಿದವರ ಇಲ್ಲವೇ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ, ದೂರು ಹೇಳಲು ಒಂದು ನಂಬರ್ ಇರಬೇಕು. ನನ್ನ ಡಬ್ಬಿಯ ಮೇಲೆ ಇದ್ದಿದ್ದು ಒಂದು ಎಲೆಯ ಚಿತ್ರ.

ಒಳಗೆ ಇನ್ನೊಂದು ಚೀಟಿಯೂ ಇತ್ತು. 5 ಸ್ಟಾರ್ ಕೊಟ್ಟು ಅದರ ಸ್ಕ್ರೀನ್‌ಶಾಟ್ ಕಳಿಸಿದರೆ 50 ರೂಪಾಯಿ ಕೊಡುತ್ತಾರಂತೆ. ಆ 4 ಚಿಲ್ಲರೆ ಸ್ಟಾರು ಎಲ್ಲಿಂದ ಬಂತು ಅಂತ ಆಗ ಗೊತ್ತಾಯಿತು. ಆನ್‌ಲೈನ್ ವಿಮರ್ಶೆಗಳು ಹೇಗಿರಬೇಕು ಅಂತ ಬಿಐಎಸ್ (ಸಾಮಾನಿನ ಗುಣಮಟ್ಟಕ್ಕೆ ಮಾನದಂಡ ಮಾಡುವ ಸರ್ಕಾರಿ ಸಂಸ್ಥೆ) 2022ರಲ್ಲೇ ಒಂದು ಮಾನದಂಡ ತಂದಿದೆ. ತಂದು ಏನು ಬಂತು, ಚೀಟಿ ಅದರ ಪಾಡಿಗೆ ಡಬ್ಬಿಯಲ್ಲಿ ಬರುತ್ತಿದೆ. ನಾನೀಗ 1 ಸ್ಟಾರ್ ಇರುವ ಬರಹಗಳನ್ನೇ ಮೊದಲು ಓದುತ್ತೇನೆ. ಅದರಲ್ಲೂ ಮುರಿದ ಸಾಮಾನಿನ ಫೋಟೋ ಹಾಕಿದವರದ್ದು.

ಕೊನೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಬಿಲ್ಲು, ಚೀಟಿ, ಮುರಿದ ಕತ್ತಿನ ಫೋಟೋ ಕೊಟ್ಟೆ. 2020ರ ಇ-ಕಾಮರ್ಸ್ ನಿಯಮದಲ್ಲಿ ದೂರು ಬಂದ 48 ಗಂಟೆಯೊಳಗೆ ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು ಅಂತ ಇದೆ. ಅದನ್ನೂ ಬರೆದೆ. 349 ವಾಪಸ್ ಬಂತು. ಆಸ್ಪತ್ರೆಯ 1,800 ನನ್ನ ತಲೆಗೇ.

ಉಳಿದ ಚೀಲಗಳ ಕಥೆ ಕೇಳುತ್ತೀರಲ್ಲ? ಒಂದು ಕೈಯಲ್ಲಿ ಏನು ಮಾಡಲಿ ಅಂತ ಗಿಡ ತರುವ ನರ್ಸರಿಯ ಅಕ್ಕನ ಹತ್ತಿರ ಹೇಳಿಕೊಂಡೆ. ಅವರು ದಿನಕ್ಕೆ ನೂರಾರು ಪ್ಲಾಸ್ಟಿಕ್ ಚೀಲಕ್ಕೆ ಮಣ್ಣು ತುಂಬುವವರು. "ಎಣ್ಣೆ ಕ್ಯಾನ್ ಇಲ್ವಾ ಮೇಡಂ ಮನೇಲಿ?" ಅಂದು ತಮ್ಮ ಸಲಿಕೆ ತೋರಿಸಿದರು. 5 ಲೀಟರಿನ ಅಡುಗೆ ಎಣ್ಣೆ ಕ್ಯಾನು. ಮುಚ್ಚಳ ಬಿಗಿ ಮಾಡಿ, ಹಿಡಿಯ ಕೆಳಗಿನಿಂದ ಶುರು ಮಾಡಿ ಎದುರು ಪಕ್ಕದ ತಳದವರೆಗೆ ಓರೆಯಾಗಿ ಕತ್ತರಿಸಿದ್ದರು. ಹಿಡಿ ಅದರದ್ದೇ, ಕತ್ತೂ ಅದರದ್ದೇ, ಎಲ್ಲೂ ಬೆಸುಗೆ ಇಲ್ಲ. ನಮ್ಮ ಮನೆಯವರು ಚಾಕು ಬಿಸಿ ಮಾಡಿ ಅದೇ ಥರ ಕತ್ತರಿಸಿಕೊಟ್ಟರು. ಅಂಚನ್ನು ನಾನು ಉಪ್ಪುಕಾಗದದಲ್ಲಿ ತಿಕ್ಕಿದೆ, ಇನ್ನೊಂದು ಗಾಯ ಬೇಡ ಅಂತ. ಒಂದು ಸಲಕ್ಕೆ 2 ಲೀಟರ್ ಬರುತ್ತದೆ, ಒಂದು ಚೀಲಕ್ಕೆ 9 ಸಲ. ಗಟ್ಟಿ ಗೊಬ್ಬರ ಅಗೆಯಲು ಮಾತ್ರ ಆಗುವುದಿಲ್ಲ, ಅದಕ್ಕೆ ಮಾವನ ಹಳೇ ಕುಡುಗೋಲಿನಲ್ಲಿ ಮೊದಲು ಪುಡಿ ಮಾಡಿಕೊಳ್ಳುತ್ತೇನೆ.

26 ಚೀಲ ಆಗಿದೆ. ಇನ್ನು 6 ಇದೆ, ಭಾನುವಾರ ಮಳೆ ಬಿಟ್ಟರೆ ಮುಗಿಸುತ್ತೇನೆ. ಸೆಟ್ಟಿನ ಇನ್ನೊಂದು ಸಲಿಕೆ, ಪುಟ್ಟ ಕುಂಟೆ, ಫೋರ್ಕು, ಕಳೆ ಕೀಳುವುದು ಎಲ್ಲ ಹಾಗೇ ಡಬ್ಬಿಯಲ್ಲಿವೆ. ಎಲ್ಲದರ ಕತ್ತೂ ಒಂದೇ ನಮೂನೆ. ಮೊನ್ನೆ ಪಕ್ಕದ ಮನೆಯವರು ಸುಮ್ನೆ ಬಿದ್ದಿದೆಯಲ್ಲ, ಕೊಡಿ ಅಂದರು. ಕೊಡಲಿಲ್ಲ. ಗುಜರಿಯವನು ಬಂದಾಗ ಹಾಕಬೇಕು.