ಕರೆಂಟ್ ಅಫೇರ್ಸ್‌ಗೆ ದಿನಾ ಪೇಪರ್ರಾ, ತಿಂಗಳ ಮ್ಯಾಗಜಿನ್ನಾ?

ದಾವಣಗೆರೆಲಿ ರೂಮ್ ಮಾಡ್ಕೊಂಡು ಕೆಎಎಸ್‌ಗೆ ಓದೋ ಹುಡುಗ್ರು ಮೊದ್ಲು ಕೇಳೋದೇ ಇದು, ನಾನು ಎರಡೂ ಮಾಡಿ ನೋಡಿದೀನಿ.

ಮ್ಯಾಗಜಿನ್‌ದು ಲಾಭ ಏನಪ್ಪಾ ಅಂದ್ರೆ ಟೈಮ್ ಉಳಿಯುತ್ತೆ. ಯೋಜನೆ ಹೆಸರು, ಇಲಾಖೆ, ವರ್ಷ ಎಲ್ಲಾ ಒಂದೇ ಕಡೆ. ಆಪ್ಷನ್ ಟಿಕ್ ಮಾಡೋ ಪ್ರಿಲಿಮ್ಸ್‌ಗೆ ನಡೆಯುತ್ತೆ.

ಉದ್ದುದ್ದ ಉತ್ತರ ಬರೆಯೋ ಮೇನ್ಸ್‌ಗೆ ಮಾತ್ರ ಕೈ ಕೊಡುತ್ತೆ ನೋಡ್ರಿ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆನೇ ತಗೊಳ್ರಿ, ಮ್ಯಾಗಜಿನ್ನಲ್ಲಿ ಒಂದು ಸಾಲು, 2023-24ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಘೋಷಣೆ, ಮುಗೀತು. ಅದೇ ಪೇಪರ್ ಬಿಡದೆ ಓದಿದ್ರೆ ಆ ದುಡ್ಡಿಗೆ ರಾಜ್ಯ ಕೇಂದ್ರದ ಜಗಳ, ಚಿತ್ರದುರ್ಗದ ರೈತರ ಹೋರಾಟ, ಬತ್ತಿದ ಬೋರ್‌ವೆಲ್ ಎಲ್ಲಾ ಒಂದರ ಹಿಂದೆ ಒಂದು ಬರುತ್ತೆ, ಅಂದ್ರೆ ಒಂದೇ ಸುದ್ದಿಲಿ ಒಕ್ಕೂಟ ವ್ಯವಸ್ಥೆ, ಕೃಷಿ, ಅಂತರ್ಜಲ ಮೂರಕ್ಕೂ ಉತ್ತರ ಸಿಗುತ್ತೆ. ಚಿತ್ರದುರ್ಗ ಜಿಲ್ಲೆದೇ ವಾಣಿವಿಲಾಸ ಸಾಗರ ಡ್ಯಾಮ್ 2022ರಲ್ಲಿ ಕೋಡಿ ಬಿತ್ತಲ್ಲ, 1933 ಆದ್ಮೇಲೆ ಅದೇ ಫಸ್ಟು. ಇಸವಿ ಮ್ಯಾಗಜಿನ್ ಕೊಡುತ್ತೆ, ಯಾಕೆ ತುಂಬ್ತು ಅನ್ನೋದು ಪೇಪರ್ರಲ್ಲೇ.

ಪೇಪರ್‌ದು ಕಷ್ಟನೂ ಇದೆ, ದಿನಕ್ಕೆ ಒಂದೂವರೆ ಗಂಟೆ ಹೋಗುತ್ತೆ, ಅರ್ಧ ರಾಜಕೀಯದ ಬೈದಾಟ. ನಾನು ಆರು ತಿಂಗಳು ಕಟಿಂಗ್ ಕೂಡಿಟ್ಟೆ, ತಿರುಗಿ ನೋಡ್ಲಿಲ್ಲ, ಒಂದಿನ ರೂಮ್‌ಮೇಟ್ ಅದನ್ನೇ ಹಾಸಿ ಮಂಡಕ್ಕಿ ಸುರ್ಕೊಂಡು ಮೆಣಸಿನಕಾಯಿ ಕಚ್ಚಿಕೊಂಡು ಕೂತಿದ್ದ, ಬೈಯೋಕೂ ಬಾಯಿ ಬರ್ಲಿಲ್ಲ.

ಎಕ್ಸಾಮ್‌ಗೆ ಮೂರು ತಿಂಗಳು ಅಷ್ಟೇ ಇದ್ರೆ ಕಣ್ಮುಚ್ಚಿ ಮ್ಯಾಗಜಿನ್ ತಗೊಳ್ರಿ. ವರ್ಷ ಇದ್ರೆ ಪೇಪರೇ, ಆದ್ರೆ ಕಟಿಂಗ್ ಬೇಡ, ನೋಟ್ಸಲ್ಲಿ ನಾಲ್ಕು ಸಾಲು ಬರೀರಿ ಸಾಕು.